ಅಂಗೈಯಗಲದ ಕ್ಯಾಮೆರಾದಲ್ಲಿ ಸಂಘದ ನೆನಪು: ಹ್ಯಾಂಡಿಕ್ಯಾಮ್‌ನ ಗುಣವೇನು, ಕೊರತೆಯೇನು?

ನಾಸಿಕ್/ಛತ್ರಪತಿ ಸಂಭಾಜಿನಗರ: ಭಾರತೀಯ ಚಿತ್ರರಂಗದ ಪಿತಾಮಹರೆನಿಸಿದ ದಾದಾಸಾಹೇಬ್ ಫಾಲ್ಕೆ ಅವರು 1870ರ ಏಪ್ರಿಲ್ 30ರಂದು ಜನಿಸಿದ್ದು ನಾಸಿಕ್ ಸಮೀಪದ ತ್ರ್ಯಂಬಕೇಶ್ವರದಲ್ಲಿ. 1912ರಲ್ಲಿ ಲಂಡನ್ನಿಗೆ ಹೋಗಿ ವಿಲಿಯಮ್ಸನ್ ಕ್ಯಾಮೆರಾ ಖರೀದಿಸಿದ ಅವರು, 1913ರಲ್ಲಿ ಮುಂಬಯಿಯಲ್ಲಿ 'ರಾಜಾ ಹರಿಶ್ಚಂದ್ರ'ವನ್ನು ತೆರೆಗೆ ತಂದರು. ಆ ಬಳಿಕ ನಾಸಿಕ್‌ಗೆ ಬಂದು ಇಲ್ಲಿಯೇ ಚಿತ್ರಗಳನ್ನು ತಯಾರಿಸಿದರು, 1944ರ ಫೆಬ್ರವರಿ 16ರಂದು ಇದೇ ಊರಿನಲ್ಲಿ ನಿಧನರಾದರು. ಪಾಂಡವಲೇಣಿ ಗುಡ್ಡದ ಬುಡದಲ್ಲಿರುವ ಅವರ ಸ್ಮಾರಕವನ್ನು ನೋಡದ ನಾಸಿಕ್ ಕನ್ನಡಿಗರು ವಿರಳ.

ಫಾಲ್ಕೆ ಅವರ ಕಾಲದಲ್ಲಿ ಚಲನಚಿತ್ರ ತೆಗೆಯುವುದೆಂದರೆ ಮನೆಯ ಆಸ್ತಿಯನ್ನೇ ಪಣಕ್ಕಿಡುವ ಸಾಹಸವಾಗಿತ್ತು. ಅದೇ ಊರಿನಲ್ಲಿ, ಸುಮಾರು ಎಂಟು ದಶಕಗಳ ಬಳಿಕ, ಕ್ಯಾಮೆರಾ ಎಂಬುದು ಮನೆಯ ಯಜಮಾನರ ಅಂಗೈಯಲ್ಲಿ ಬಂದು ಕುಳಿತಿತು. ಮಕ್ಕಳ ನಾಮಕರಣ, ಸಂಘದ ರಾಜ್ಯೋತ್ಸವ, ಮಹಿಳಾ ವಿಭಾಗದ ಅರಸಿನ ಕುಂಕುಮ, ಊರಿನಿಂದ ಬಂದ ಯಕ್ಷಗಾನ ಮೇಳದ ಪ್ರದರ್ಶನ ಹೀಗೆ ನಮ್ಮ ಹೊರನಾಡ ಬದುಕಿನ ಬಹುಪಾಲು ಆ ಪುಟ್ಟ ಯಂತ್ರದೊಳಗೆ ಸೇರಿಹೋಯಿತು.

ಇಂದು ಆ ಕ್ಯಾಮೆರಾಗಳು ಎಲ್ಲಿವೆ? ಹೆಚ್ಚಿನವು ಅಟ್ಟದ ಮೇಲೆ ಅಥವಾ ಕಪಾಟಿನ ಮೇಲಂತಸ್ತಿನಲ್ಲಿ ಚಾರ್ಜರ್ ಸಮೇತ ಧೂಳು ತಿನ್ನುತ್ತಿವೆ. ಪಕ್ಕದಲ್ಲಿ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಕ್ಯಾಸೆಟ್‌ಗಳ ರಾಶಿ ಇದೆ. ಆ ಕ್ಯಾಸೆಟ್‌ಗಳಲ್ಲಿ ಇಂದು ನಮ್ಮೊಡನಿಲ್ಲದ ಹಿರಿಯರ ಮುಖವಿದೆ, ಮಾತಿದೆ. ಆದುದರಿಂದ ಈ ಪುಟ್ಟ ಕ್ಯಾಮೆರಾದ ಗುಣ-ದೋಷಗಳ ವಿಚಾರವು ಸಂಘದ ಸದಸ್ಯರೆಲ್ಲರೂ ಒಮ್ಮೆ ಗಮನಿಸಬೇಕಾದದ್ದಾಗಿದೆ.

ಹೆಗಲಿನಿಂದ ಅಂಗೈಗೆ

ಎಂಬತ್ತರ ದಶಕದಲ್ಲಿ ಮದುವೆಯ ವಿಡಿಯೋ ಎಂದರೆ ಹೆಗಲ ಮೇಲೆ ದೊಡ್ಡ ವಿಎಚ್‌ಎಸ್ ಕ್ಯಾಮೆರಾ ಹೊತ್ತವರು, ಅವರ ಹಿಂದೆ ಕಣ್ಣು ಕುಕ್ಕುವ ಲೈಟು ಹಿಡಿದ ಹುಡುಗ, ಅವನ ಹಿಂದೆ ವೈರು ಎಳೆಯುವ ಇನ್ನೊಬ್ಬ. ಸೋನಿ ಕಂಪೆನಿಯು 8 ಮಿಲಿಮೀಟರ್ ಅಗಲದ ಟೇಪನ್ನು ಬಳಸುವ ಪುಟ್ಟ ಕ್ಯಾಮೆರಾವನ್ನು 1985ರಲ್ಲಿ 'ಹ್ಯಾಂಡಿಕ್ಯಾಮ್' ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದಿತು. 1989ರಲ್ಲಿ ಬಂದ ಅದರ ಟಿಆರ್-55 ಮಾದರಿಯ ತೂಕ ಸುಮಾರು 800 ಗ್ರಾಂ ಮಾತ್ರ. ಕ್ಯಾಮೆರಾವು ಪಾಸ್‌ಪೋರ್ಟಿನಷ್ಟು ಚಿಕ್ಕದು ಎಂದೇ ಕಂಪೆನಿಯು ಪ್ರಚಾರ ಮಾಡಿತ್ತು. ಮುಂದೆ ಯಾವ ಕಂಪೆನಿಯ ಪುಟ್ಟ ಕ್ಯಾಮೆರಾ ಆದರೂ ನಮ್ಮವರ ಬಾಯಲ್ಲಿ ಅದು 'ಹ್ಯಾಂಡಿಕ್ಯಾಮ್' ಎಂದೇ ಆಯಿತು.

1995ರಲ್ಲಿ ಮಿನಿಡಿವಿ ಎಂಬ ಡಿಜಿಟಲ್ ಕ್ಯಾಸೆಟ್ ಬಂದಿತು. ಟೇಪಿನ ಅಗಲ ಕೇವಲ 6.35 ಮಿಲಿಮೀಟರ್, ಸಾಮಾನ್ಯ ಕ್ಯಾಸೆಟ್ಟಿನ ಅವಧಿ 60 ನಿಮಿಷ. ನಂತರದ ಹತ್ತು ಹನ್ನೆರಡು ವರ್ಷ ಇದರದ್ದೇ ಕಾಲ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಹೊಂದಿರುವ ಎಚ್‌ಎಎಲ್‌ನ ಓಝರ್ ಕಾರ್ಖಾನೆಗೆ ವರ್ಗವಾಗಿ ಬಂದವರು, ನಾಸಿಕ್ ರೋಡ್‌ನ ಮುದ್ರಣಾಲಯಗಳ ನೌಕರರು, ಸಾತ್ಪುರ, ಅಂಬಡ್, ವಾಳುಜ್, ಚಿಕಲ್‌ಠಾಣಾ ಕೈಗಾರಿಕಾ ವಸಾಹತುಗಳಲ್ಲಿ ದುಡಿಯುವವರು, ಹೋಟೆಲು ಉದ್ಯಮದ ನಮ್ಮ ಕರಾವಳಿಯ ಬಂಧುಗಳು ಇವರಲ್ಲಿ ಒಬ್ಬರ ಬಳಿ ಇಂತಹ ಕ್ಯಾಮೆರಾ ಇದ್ದರೆ ಸಾಕು, ಅವರೇ ಸಂಘದ ಕಾಯಂ ಛಾಯಾಗ್ರಾಹಕರು. 2003ರ ನಾಸಿಕ್ ಸಿಂಹಸ್ಥ ಕುಂಭಮೇಳದ ಹೊತ್ತಿಗೆ ಮನೆಯವರ ಕೈಯಲ್ಲಿ ಹ್ಯಾಂಡಿಕ್ಯಾಮ್ ಇತ್ತು. 2015ರ ಕುಂಭಮೇಳದ ಹೊತ್ತಿಗೆ ಆ ಜಾಗವನ್ನು ಮೊಬೈಲ್ ಹಿಡಿದುಕೊಂಡಿತ್ತು.

ಮೆಚ್ಚತಕ್ಕ ಗುಣಗಳು

ಪುಟ್ಟ ಕ್ಯಾಮೆರಾದ ಮೊದಲ ಗುಣ ಅದರ ಸಂಕೋಚವಿಲ್ಲದ ಸ್ವಭಾವ. ಲೈಟು, ವೈರು, ಸಹಾಯಕರು ಯಾವುದೂ ಬೇಡ. ಅಂಗೈಯಲ್ಲಿ ಪಟ್ಟಿ ಬಿಗಿದು, ಹೆಬ್ಬೆರಳಿನಿಂದ ಕೆಂಪು ಗುಂಡಿ ಒತ್ತಿದರೆ ಕೆಲಸ ಸುರು. ದೊಡ್ಡ ಕ್ಯಾಮೆರಾ ಕಂಡರೆ ಮಾತೇ ನಿಲ್ಲಿಸುವ ಅಜ್ಜಿಯಂದಿರು ಈ ಪುಟ್ಟದರ ಎದುರು ಸಹಜವಾಗಿಯೇ ಇರುತ್ತಿದ್ದರು. ನಮ್ಮ ಹಿರಿಯರ ಸಹಜ ಮಾತು, ನಗು, ಹಾಡು ಇಂದು ಎಲ್ಲಾದರೂ ಉಳಿದಿದ್ದರೆ ಅದಕ್ಕೆ ಇದೇ ಕಾರಣ.

ಎರಡನೆಯದು ಅವಧಿ. ಒಂದು ಕ್ಯಾಸೆಟ್‌ನಲ್ಲಿ ಒಂದು ಗಂಟೆ ಕಾಲ ತಡೆಯಿಲ್ಲದೆ ಚಿತ್ರೀಕರಿಸಬಹುದಿತ್ತು. ಪ್ರಾರ್ಥನೆ, ದೀಪ ಬೆಳಗುವುದು, ಪ್ರಾಸ್ತಾವಿಕ, ಸನ್ಮಾನ, ಅಧ್ಯಕ್ಷೀಯ ಭಾಷಣ ಎಲ್ಲವೂ ಒಂದೆರಡು ಕ್ಯಾಸೆಟ್ಟಿನಲ್ಲಿ ಮುಗಿಯುತ್ತಿತ್ತು. ಫೋಟೋದಲ್ಲಿ ಶಾಲು ಹೊದಿಸಿದ ಕ್ಷಣ ಮಾತ್ರ ಸಿಗುತ್ತದೆ, ಶಾಲು ಹೊದ್ದವರು ಏನು ಹೇಳಿದರೆಂಬುದು ವಿಡಿಯೋದಲ್ಲಿ ಮಾತ್ರ ಉಳಿಯುತ್ತದೆ.

ಮೂರನೆಯದು ಜೂಮ್. 10 ಪಟ್ಟಿನಿಂದ 25 ಪಟ್ಟಿನವರೆಗಿನ ನಿಜವಾದ ಲೆನ್ಸ್ ಜೂಮ್ ಈ ಪುಟ್ಟ ಯಂತ್ರಗಳಲ್ಲಿತ್ತು. ಸಭಾಗೃಹದ ಕೊನೆಯ ಸಾಲಿನಲ್ಲಿ ನಿಂತು ವೇದಿಕೆಯ ಮೇಲಿನ ವೇಷಧಾರಿಯ ಮುಖವರ್ಣಿಕೆಯನ್ನು ತುಂಬುಚಿತ್ರವಾಗಿ ತೆಗೆಯಬಹುದಿತ್ತು. ಪಕ್ಕಕ್ಕೆ ತೆರೆದು ತಿರುಗಿಸುವ ಪರದೆ ಇದ್ದುದರಿಂದ ಜನರ ತಲೆಯ ಮೇಲಿಂದ ಕ್ಯಾಮೆರಾ ಎತ್ತಿ ಹಿಡಿದರೂ ದೃಶ್ಯ ಕಾಣುತ್ತಿತ್ತು.

ನಾಲ್ಕನೆಯ ಗುಣ ಹೆಚ್ಚಿನವರ ಗಮನಕ್ಕೆ ಬಾರದ್ದು. ಮಿನಿಡಿವಿಯಲ್ಲಿ ಮೂಲ ಕ್ಯಾಸೆಟ್ ತನ್ನಷ್ಟಕ್ಕೆ ಉಳಿಯುತ್ತದೆ. ಚಿತ್ರೀಕರಿಸಿದ್ದನ್ನು ಅಳಿಸಿ ಜಾಗ ಮಾಡಬೇಕಾದ ಒತ್ತಡ ಇಲ್ಲ, ಹೊಸ ಕ್ಯಾಸೆಟ್ ಹಾಕಿದರಾಯಿತು. ಹಳೆಯ ವಿಎಚ್‌ಎಸ್‌ನಲ್ಲಿ ಪ್ರತಿಯಿಂದ ಪ್ರತಿ ತೆಗೆದಷ್ಟೂ ಚಿತ್ರ ಮಸುಕಾಗುತ್ತಿತ್ತು. ಮಿನಿಡಿವಿಯಿಂದ ಫೈರ್‌ವೈರ್ ಎಂಬ ಕೇಬಲ್ ಮೂಲಕ ಕಂಪ್ಯೂಟರಿಗೆ ಇಳಿಸಿದ ಪ್ರತಿ ಮೂಲದಷ್ಟೇ ಚೆನ್ನಾಗಿರುತ್ತದೆ.

ಮುಚ್ಚಿಡಲಾಗದ ಕೊರತೆಗಳು

ಕ್ಯಾಮೆರಾ ಚಿಕ್ಕದಾದರೆ ಅದರ ಒಳಗಿನ ಎಲ್ಲವೂ ಚಿಕ್ಕದಾಗುತ್ತದೆ. ಬೆಳಕನ್ನು ಚಿತ್ರವಾಗಿಸುವ ಸಂವೇದಕ, ಲೆನ್ಸ್, ಮೈಕು, ಬ್ಯಾಟರಿ ಯಾವುದೂ ಇದಕ್ಕೆ ಹೊರತಲ್ಲ. ಕಡಿಮೆ ಬೆಲೆಯ ಮಾದರಿಗಳ ಸಂವೇದಕ ಕಿರುಬೆರಳಿನ ಉಗುರಿಗಿಂತಲೂ ಚಿಕ್ಕದು. ಹಗಲಿನ ಬೆಳಕಿನಲ್ಲಿ ಇದು ಗೊತ್ತಾಗುವುದಿಲ್ಲ. ಸಂಜೆಯ ಸಭಾಗೃಹದಲ್ಲಿ ಟ್ಯೂಬ್‌ಲೈಟಿನಡಿ ಚಿತ್ರೀಕರಿಸಿದರೆ ಚಿತ್ರದ ಮೇಲೆ ಮರಳು ಎರಚಿದಂತೆ ಚುಕ್ಕೆಗಳು ಕುಣಿಯುತ್ತವೆ. ಕತ್ತಲೆಗೆಂದು ಕೆಲವು ಮಾದರಿಗಳಲ್ಲಿ ನೀಡಿದ್ದ 'ನೈಟ್‌ಶಾಟ್' ಸೌಲಭ್ಯವನ್ನು ಒತ್ತಿದರೆ ದೃಶ್ಯವೇನೋ ಕಾಣುತ್ತದೆ, ಆದರೆ ಎಲ್ಲರ ಮುಖವೂ ಹಸಿರು.

ಸಂಭಾಜಿನಗರದ ಕನ್ನಡಿಗರಿಗೆ ಈ ಕೊರತೆಯ ಅನುಭವ ಚೆನ್ನಾಗಿಯೇ ಇರುತ್ತದೆ. ಊರಿನಿಂದ ನೆಂಟರು ಬಂದರೆ ಅಜಂತಾ, ಎಲ್ಲೋರಾ ತೋರಿಸಲೇಬೇಕು. ಅಜಂತಾ ಗುಹೆಗಳಲ್ಲಿ ವರ್ಣಚಿತ್ರಗಳ ರಕ್ಷಣೆಗಾಗಿ ಬೆಳಕನ್ನು ಮಂದವಾಗಿ ಇರಿಸಲಾಗಿದೆ, ಫ್ಲಾಶ್ ಬಳಸುವಂತಿಲ್ಲ. ಅಲ್ಲಿ ಪುಟ್ಟ ಕ್ಯಾಮೆರಾ ಸೋಲುತ್ತದೆ. ಎಲ್ಲೋರಾದಲ್ಲಿ ತೊಂದರೆ ಬೇರೆಯದು. ನಮ್ಮ ರಾಷ್ಟ್ರಕೂಟ ದೊರೆ ಒಂದನೇ ಕೃಷ್ಣನ ಕಾಲದಲ್ಲಿ, ಎಂಟನೆಯ ಶತಮಾನದಲ್ಲಿ, ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕೊರೆದು ನಿರ್ಮಿಸಿದ ಕೈಲಾಸ ದೇವಾಲಯದ ಅಂಗಳದಲ್ಲಿ ನಿಂತರೆ ಕನ್ನಡಿಗನ ಎದೆ ಹೆಮ್ಮೆಯಿಂದ ಉಬ್ಬುತ್ತದೆ. ಆದರೆ ಕ್ಯಾಮೆರಾದ ಚೌಕಟ್ಟಿನೊಳಗೆ ದೇವಾಲಯ ಹಿಡಿಸುವುದಿಲ್ಲ. ದೂರದ್ದನ್ನು ಹತ್ತಿರ ತರುವ ಈ ಲೆನ್ಸ್‌ಗಳಿಗೆ ಹತ್ತಿರದ ವಿಶಾಲವಾದುದನ್ನು ಒಟ್ಟಿಗೆ ತೋರಿಸುವ ಶಕ್ತಿ ಕಡಿಮೆ. ಜೊತೆಗೆ ಶಿಖರದ ಮೇಲೆ ಸುಡುಬಿಸಿಲು, ಮಂಟಪದೊಳಗೆ ಗಾಢ ನೆರಳು. ಒಂದನ್ನು ಸರಿಪಡಿಸಿದರೆ ಇನ್ನೊಂದು ಕಪ್ಪಾಗುತ್ತದೆ ಅಥವಾ ಬೆಳ್ಳಗೆ ಸುಟ್ಟುಹೋಗುತ್ತದೆ.

ಸಂಘದ ಕಾರ್ಯಕ್ರಮಗಳ ಮಟ್ಟಿಗೆ ದೊಡ್ಡ ಕೊರತೆ ಧ್ವನಿಯದ್ದು. ಕ್ಯಾಮೆರಾದ ಮೈಕು ತನಗೆ ಹತ್ತಿರವಿರುವವರ ಮಾತನ್ನೇ ಮೊದಲು ಕೇಳಿಸಿಕೊಳ್ಳುತ್ತದೆ. ವೇದಿಕೆಯ ಮೇಲೆ ಅತಿಥಿಗಳ ಉಪನ್ಯಾಸ ನಡೆಯುತ್ತಿದ್ದರೆ ಟೇಪಿನಲ್ಲಿ ಪಕ್ಕದ ಕುರ್ಚಿಯವರ ಪಿಸುಮಾತು, ಮಕ್ಕಳ ಅಳು ಸ್ಪಷ್ಟವಾಗಿ ದಾಖಲಾಗಿರುತ್ತದೆ. ನಿಶ್ಶಬ್ದದ ಗಳಿಗೆಯಲ್ಲಿ ಟೇಪು ಸುತ್ತುವ ಯಂತ್ರದ ಗುಂಯ್‌ಗುಡುವಿಕೆಯೂ ಸೇರಿಕೊಳ್ಳುತ್ತದೆ. ಯಕ್ಷಗಾನದ ಚಿತ್ರೀಕರಣದಲ್ಲಿ ಇನ್ನೊಂದು ಪೇಚು. ಶಬ್ದ ಜೋರಾದಾಗ ಕ್ಯಾಮೆರಾ ತಾನಾಗಿಯೇ ಮೈಕಿನ ಶಕ್ತಿಯನ್ನು ತಗ್ಗಿಸುತ್ತದೆ. ಚೆಂಡೆಯ ಪೆಟ್ಟು ಬಿದ್ದೊಡನೆ ತಗ್ಗಿದ ಧ್ವನಿ ಮತ್ತೆ ಏರುವಷ್ಟರಲ್ಲಿ ಅರ್ಥಗಾರಿಕೆಯ ಮೊದಲ ಮಾತುಗಳು ಕ್ಷೀಣವಾಗಿರುತ್ತವೆ.

ಹಗುರವಾದ ಕ್ಯಾಮೆರಾ ಕೈಯಲ್ಲಿ ನಿಲ್ಲುವುದಿಲ್ಲ ಎಂಬುದು ಇನ್ನೊಂದು ದೋಷ. ಹೆಗಲ ಮೇಲಿನ ದೊಡ್ಡ ಕ್ಯಾಮೆರಾ ತನ್ನ ಭಾರದಿಂದಲೇ ಅಲುಗಾಡದೆ ಇರುತ್ತಿತ್ತು. ಪುಟ್ಟದು ಉಸಿರಾಟಕ್ಕೂ ನಡುಗುತ್ತದೆ. ಪೂರ್ತಿ ಜೂಮ್ ಮಾಡಿದರೆ ವೇದಿಕೆಯ ಗಣ್ಯರು ದೋಣಿಯಲ್ಲಿ ಕುಳಿತಂತೆ ಕಾಣುತ್ತಾರೆ. ಇನ್ನು ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಅಚ್ಚಾಗುತ್ತಿದ್ದ ನೂರಾರು ಪಟ್ಟಿನ 'ಡಿಜಿಟಲ್ ಜೂಮ್' ಬರೀ ಮಾರಾಟದ ಮಾತು. ಅದು ಚಿತ್ರವನ್ನು ಹಿಗ್ಗಿಸಿ ಚೌಕಚೌಕ ಮಾಡುತ್ತದೆಯೇ ಹೊರತು ಹೊಸದೇನನ್ನೂ ತೋರಿಸುವುದಿಲ್ಲ.

ನಿಮ್ಮ ಮನೆಯಲ್ಲಿರುವುದು ಯಾವುದು?

ಎಲ್ಲ ಹ್ಯಾಂಡಿಕ್ಯಾಮ್‌ಗಳೂ ಒಂದೇ ಜಾತಿಯವಲ್ಲ. ನಿಮ್ಮಲ್ಲಿರುವುದು ಯಾವುದೆಂದು ತಿಳಿದರೆ ಅದರಲ್ಲಿನ ದೃಶ್ಯಗಳನ್ನು ಉಳಿಸುವ ದಾರಿಯೂ ತಿಳಿಯುತ್ತದೆ.

ವಿಡಿಯೋ-8 ಮತ್ತು ಹೈ-8: ಇವು ತೊಂಬತ್ತರ ದಶಕದ ಅನಲಾಗ್ ಟೇಪುಗಳು. ಇವೇ ಅತ್ಯಂತ ಹಳೆಯವು, ಹಾಗಾಗಿ ಮೊದಲು ಉಳಿಸಬೇಕಾದವು. 1999ರಲ್ಲಿ ಬಂದ ಡಿಜಿಟಲ್-8 ಕ್ಯಾಮೆರಾಗಳ ಕೆಲವು ಮಾದರಿಗಳು ಈ ಹಳೆಯ ಟೇಪುಗಳನ್ನೂ ಓದಿ ಡಿಜಿಟಲ್ ಆಗಿ ಕಂಪ್ಯೂಟರಿಗೆ ಕಳುಹಿಸಬಲ್ಲವು. ಅಂತಹದೊಂದು ಸಂಘದಲ್ಲಿ ಯಾರ ಬಳಿಯಾದರೂ ಇದ್ದರೆ ಅದು ಬಂಗಾರಕ್ಕೆ ಸಮ.

ಮಿನಿಡಿವಿ: ಗುಣಮಟ್ಟ ಒಳ್ಳೆಯದು. ಆದರೆ ಒಂದು ಗಂಟೆಯ ಟೇಪನ್ನು ಕಂಪ್ಯೂಟರಿಗೆ ಇಳಿಸಲು ಪೂರಾ ಒಂದು ಗಂಟೆಯೇ ಬೇಕು. ಕ್ಯಾಸೆಟ್ ಉಳಿಸಲೆಂದು 90 ನಿಮಿಷದ 'ಎಲ್‌ಪಿ' ಕ್ರಮದಲ್ಲಿ ಚಿತ್ರೀಕರಿಸಿದವರು ಗಮನಿಸಬೇಕು. ಅಂತಹ ಟೇಪು ಬಹಳಷ್ಟು ಸಲ ತನ್ನದೇ ಕ್ಯಾಮೆರಾ ಬಿಟ್ಟು ಬೇರೆಯದರಲ್ಲಿ ಸರಿಯಾಗಿ ಓಡುವುದಿಲ್ಲ. ಅಮೆರಿಕದಿಂದ ಮಗನೋ ಅಳಿಯನೋ ತಂದುಕೊಟ್ಟ ಕ್ಯಾಮೆರಾ ಆಗಿದ್ದರೆ ಅದು ಎನ್‌ಟಿಎಸ್‌ಸಿ ಪದ್ಧತಿಯದು, ನಮ್ಮ ದೇಶದ್ದು ಪಾಲ್ ಪದ್ಧತಿ. ಆ ಟೇಪುಗಳಿಗೆ ಅದೇ ಪದ್ಧತಿಯ ಕ್ಯಾಮೆರಾ ಬೇಕು.

ಡಿವಿಡಿ ಕ್ಯಾಮೆರಾ: 8 ಸೆಂಟಿಮೀಟರಿನ ಪುಟ್ಟ ತಟ್ಟೆಯಲ್ಲಿ ದಾಖಲಿಸುವ ಮಾದರಿ. ತಟ್ಟೆ ತೆಗೆದು ನೇರವಾಗಿ ಪ್ಲೇಯರಿಗೆ ಹಾಕಬಹುದೆಂಬುದೇ ಇದರ ಆಕರ್ಷಣೆ. ಆದರೆ ಉತ್ತಮ ಗುಣಮಟ್ಟದಲ್ಲಿ ಒಂದು ಬದಿಗೆ 20 ನಿಮಿಷ ಮಾತ್ರ. ಚಿತ್ರೀಕರಣದ ಕೊನೆಗೆ 'ಫೈನಲೈಸ್' ಎಂಬ ಗುಂಡಿ ಒತ್ತದಿದ್ದರೆ ಬೇರೆ ಪ್ಲೇಯರಿನಲ್ಲಿ ತಟ್ಟೆ ಖಾಲಿ ಎಂದೇ ತೋರಿಸಬಹುದು. ಹಾಗೆ ತೋರಿಸಿತೆಂದು ತಟ್ಟೆಯನ್ನು ಎಸೆಯಬೇಡಿ. ಅದೇ ಕ್ಯಾಮೆರಾಕ್ಕೆ ಹಾಕಿ ಫೈನಲೈಸ್ ಮಾಡಿದರೆ ದೃಶ್ಯಗಳು ಮರಳಿ ಕಾಣುವ ಸಾಧ್ಯತೆ ಇದೆ.

ಹಾರ್ಡ್‌ಡಿಸ್ಕ್ ಮತ್ತು ಮೆಮೊರಿ ಕಾರ್ಡ್: 2000ರ ದಶಕದ ನಡುಭಾಗದಲ್ಲಿ ಬಂದ ಈ ಮಾದರಿಗಳಲ್ಲಿ ಟೇಪಿನ ತಾಪತ್ರಯವೇ ಇಲ್ಲ, ಕಂಪ್ಯೂಟರಿಗೆ ಇಳಿಸುವುದು ಕ್ಷಿಪ್ರ. 2006ರಲ್ಲಿ ಬಂದ ಎವಿಸಿಎಚ್‌ಡಿ ಪದ್ಧತಿಯಿಂದ ಹೈ ಡೆಫಿನಿಷನ್ ಚಿತ್ರವೂ ಮನೆಗೆ ಬಂತು. ಅನುಕೂಲದ ಜೊತೆಗೇ ಅಪಾಯವೂ ಬಂತು. ಕ್ಯಾಮೆರಾ ಕೈಜಾರಿ ಬಿದ್ದರೆ ಹಲವು ಕಾರ್ಯಕ್ರಮಗಳು ಒಟ್ಟಿಗೆ ಹೋದವು, ಮನೆಯ ಮಕ್ಕಳು ಕಾರ್ಡನ್ನು 'ಫಾರ್ಮ್ಯಾಟ್' ಮಾಡಿದರೆ ರಾಜ್ಯೋತ್ಸವವೇ ಮಾಯ.

ಮೊಬೈಲ್ ಇರುವಾಗ ಇದೇಕೆ?

ಇಂದಿನ ಮೊಬೈಲು ಹಳೆಯ ಹ್ಯಾಂಡಿಕ್ಯಾಮ್‌ಗಿಂತ ಸ್ಪಷ್ಟವಾದ ಚಿತ್ರ ಕೊಡುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ. ಮಂದ ಬೆಳಕಿನಲ್ಲಂತೂ ಹೋಲಿಕೆಯೇ ಇಲ್ಲ. ಹುಟ್ಟುಹಬ್ಬ, ಪ್ರವಾಸ, ಪುಟ್ಟ ಮಕ್ಕಳ ಆಟಕ್ಕೆ ಮೊಬೈಲೇ ಸಾಕು. ಆದರೆ ಮೂರು ತಾಸಿನ ತಾಳಮದ್ದಳೆಗೆ, ವಾರ್ಷಿಕೋತ್ಸವದ ಪೂರ್ಣ ದಾಖಲೆಗೆ ಕ್ಯಾಮ್‌ಕಾರ್ಡರಿನ ಗುಣ ಇಂದಿಗೂ ಕೆಲಸಕ್ಕೆ ಬರುತ್ತದೆ. ಟ್ರೈಪಾಡಿನ ಮೇಲಿಟ್ಟು ವಿದ್ಯುತ್ ಸಂಪರ್ಕ ಕೊಟ್ಟರೆ ಕಾರ್ಡು ತುಂಬುವವರೆಗೆ ನಡೆಯುತ್ತಿರುತ್ತದೆ. ನಡುವೆ ಫೋನ್ ಕರೆ ಬರುವುದಿಲ್ಲ. ಹಿಂದಿನ ಸಾಲಿನಿಂದ ಲೆನ್ಸಿನ ಜೂಮ್ ಸಿಗುತ್ತದೆ. ಹೊರಗಿನ ಮೈಕು ಜೋಡಿಸುವ ತೂತು ಇರುವ ಮಾದರಿಯಾದರೆ ಧ್ವನಿಯ ದೋಷವೂ ಬಹುಪಾಲು ನೀಗುತ್ತದೆ.

ಮಾರುಕಟ್ಟೆಯಲ್ಲಿ ಇಂತಹ ಕ್ಯಾಮೆರಾಗಳ ಆಯ್ಕೆ ಇಂದು ಕಡಿಮೆಯಾಗಿದೆ. ಸಂಘಕ್ಕೆಂದು ಕೊಳ್ಳುವವರು ಡಿಜಿಟಲ್ ಜೂಮಿನ ಸಂಖ್ಯೆಗೆ ಮಾರುಹೋಗದೆ ಮೂರು ಸಂಗತಿಗಳನ್ನು ನೋಡಬೇಕು: ಮೈಕಿನ ತೂತು ಇದೆಯೇ, ಬಿಡಿಯಾಗಿ ಬ್ಯಾಟರಿ ಸಿಗುತ್ತದೆಯೇ, ಸಭಾಗೃಹದ ಬೆಳಕಿನಲ್ಲಿ ಚಿತ್ರ ಹೇಗೆ ಬರುತ್ತದೆ. ಮೊಬೈಲಿನಲ್ಲೇ ತೆಗೆಯುವವರು ಅದನ್ನು ಅಡ್ಡಲಾಗಿ ಸ್ಟ್ಯಾಂಡಿನ ಮೇಲಿಟ್ಟು, ಏರೋಪ್ಲೇನ್ ಮೋಡ್‌ಗೆ ಹಾಕಿ, ಧ್ವನಿಯನ್ನು ವೇದಿಕೆಯ ಬಳಿ ಇನ್ನೊಂದು ಮೊಬೈಲಿನಲ್ಲಿ ಬೇರೆಯಾಗಿ ದಾಖಲಿಸುವುದು ಒಳಿತು.

ಕಳೆದುಹೋದ ಮೇಲೆ ಹುಡುಕಿ ಫಲವಿಲ್ಲ

ಟೇಪಿನ ಆಯುಷ್ಯಕ್ಕೆ ಮಿತಿಯಿದೆ. ನಾಸಿಕ್‌ನ ಮಳೆಗಾಲದ ತೇವಕ್ಕೆ ಅದರ ಮೇಲೆ ಬೂಷ್ಟು ಹಿಡಿಯುತ್ತದೆ, ಸಂಭಾಜಿನಗರದ ಬೇಸಿಗೆಯ ಬಿಸಿಯೂ ಅದಕ್ಕೆ ಹಿತವಲ್ಲ. ಟೇಪಿಗಿಂತ ಮೊದಲು ಕಣ್ಮರೆಯಾಗುತ್ತಿರುವುದು ಅದನ್ನು ಓಡಿಸುವ ಯಂತ್ರ. ಜಪಾನಿನ ಫುನಾಯಿ ಕಂಪೆನಿ 2016ರ ಜುಲೈಯಲ್ಲಿ ವಿಎಚ್‌ಎಸ್ ವಿಸಿಆರ್ ತಯಾರಿಕೆ ನಿಲ್ಲಿಸಿದ ಮೇಲೆ ಹೊಸ ವಿಸಿಆರ್ ತಯಾರಾಗುತ್ತಿಲ್ಲ. ಮಿನಿಡಿವಿ ಕ್ಯಾಮೆರಾಗಳ ಬಿಡಿಭಾಗ ಸಿಗುವುದು ದುರ್ಲಭ, ಹೊಸ ಲ್ಯಾಪ್‌ಟಾಪುಗಳಲ್ಲಿ ಫೈರ್‌ವೈರ್ ತೂತೇ ಇಲ್ಲ. 2025ರೊಳಗೆ ಡಿಜಿಟಲ್‌ಗೆ ಇಳಿಸದ ಟೇಪುಗಳು ಬಹುತೇಕ ಕೈತಪ್ಪಿ ಹೋಗಲಿವೆ ಎಂದು ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲಿಯೇ ಎಚ್ಚರಿಸಿತ್ತು. ಆ ಗಡುವು ಬಂದೇ ಬಿಟ್ಟಿತು.

ಕಳೆದುಕೊಂಡರೆ ಏನಾಗುತ್ತದೆಂಬುದಕ್ಕೆ ಉದಾಹರಣೆ ದೂರ ಹುಡುಕಬೇಕಾಗಿಲ್ಲ. ಫಾಲ್ಕೆ ಅವರ 'ರಾಜಾ ಹರಿಶ್ಚಂದ್ರ'ದ ಕೆಲವು ತುಣುಕುಗಳಷ್ಟೇ ಉಳಿದಿವೆ. ಕನ್ನಡದ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನ', ತಯಾರಾದದ್ದು ಇದೇ ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ. ಆರ್. ನಾಗೇಂದ್ರರಾಯರು, ಸುಬ್ಬಯ್ಯನಾಯ್ಡು, ತ್ರಿಪುರಾಂಬ ಅಭಿನಯಿಸಿದ್ದ ಆ ಚಿತ್ರದ ಒಂದು ಪ್ರತಿಯೂ ಇಂದು ಸಿಗುವುದಿಲ್ಲ. ಒಂದು ನಾಡಿನ ಮೊದಲ ಮಾತುಳ್ಳ ಚಿತ್ರಕ್ಕೇ ಆ ಗತಿಯಾದರೆ, ನಮ್ಮ ಸಂಘದ ಕಪಾಟಿನ ಕ್ಯಾಸೆಟ್ಟುಗಳನ್ನು ನಾವಲ್ಲದೆ ಬೇರೆ ಯಾರು ಕಾಪಾಡಿಯಾರು?

ಸಂಘಗಳು ಮಾಡಬಹುದಾದ ಕೆಲಸ

ಮೊದಲಿಗೆ ಸದಸ್ಯರಲ್ಲಿರುವ ಟೇಪುಗಳ ಪಟ್ಟಿ ಮಾಡಿ. ಯಾವ ವರ್ಷ, ಯಾವ ಕಾರ್ಯಕ್ರಮ, ಯಾರು ಮಾತಾಡಿದ್ದಾರೆ ಎಂಬುದನ್ನು ತಿಳಿದ ಹಿರಿಯರು ಇರುವಾಗಲೇ ಬರೆದಿಡಿ. ಹೆಸರು ಗೊತ್ತಿಲ್ಲದ ಮುಖ ಮುಂದಿನ ಪೀಳಿಗೆಗೆ ಅಪರಿಚಿತ ಮುಖವೇ.

ಕ್ಯಾಸೆಟ್ಟಿನ ಅಂಚಿನಲ್ಲಿರುವ ಪುಟ್ಟ ಗುಂಡಿಯನ್ನು 'ಸೇವ್' ಕಡೆಗೆ ಸರಿಸಿ, ಆಗ ಅದರ ಮೇಲೆ ಅಪ್ಪಿತಪ್ಪಿ ಬೇರೆ ಚಿತ್ರೀಕರಣ ಆಗುವುದಿಲ್ಲ. ಬಿಳಿಯ ಬೂಷ್ಟು ಕಂಡ ಟೇಪನ್ನು ಕ್ಯಾಮೆರಾಕ್ಕೆ ಹಾಕಲೇಬೇಡಿ, ಕ್ಯಾಮೆರಾವೂ ಕೆಡುತ್ತದೆ. ಅದನ್ನು ಬಲ್ಲವರಿಗೇ ಒಪ್ಪಿಸಿ. ಉಳಿದವುಗಳನ್ನು ಮೊದಲು ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿ, ಬಳಿಕ ಚಾಲೂ ಮಾಡಿ. ಟೇಪುಗಳನ್ನು ಸ್ಪೀಕರುಗಳ ಬಳಿ ಇಡಬೇಡಿ, ನೆಟ್ಟಗೆ ನಿಲ್ಲಿಸಿ ಒಣಗಿದ ಜಾಗದಲ್ಲಿಡಿ.

ಪ್ರತಿಯೊಬ್ಬರೂ ಒಂದೊಂದು ಯಂತ್ರ ಹುಡುಕುವ ಬದಲು, ಚಾಲ್ತಿಯಲ್ಲಿರುವ ಒಂದು ಕ್ಯಾಮೆರಾ ಮತ್ತು ಫೈರ್‌ವೈರ್ ಇರುವ ಒಂದು ಹಳೆಯ ಕಂಪ್ಯೂಟರನ್ನು ಸಂಘದಲ್ಲಿಟ್ಟು ಯುವ ವಿಭಾಗದವರು ಸರದಿಯಂತೆ ಕುಳಿತರೆ ಕೆಲಸ ಸುಲಭ. ಮಿನಿಡಿವಿಯ ಒಂದು ಗಂಟೆಗೆ ಸುಮಾರು 13 ಗಿಗಾಬೈಟ್ ಜಾಗ ಬೇಕು. ಅಂದರೆ 1 ಟೆರಾಬೈಟ್‌ನ ಒಂದು ಡಿಸ್ಕಿನಲ್ಲಿ 70 ಗಂಟೆಗಳಷ್ಟು ಕಾರ್ಯಕ್ರಮಗಳು ಹಿಡಿಸುತ್ತವೆ. ವಾರಕ್ಕೆ ಎರಡೇ ಟೇಪು ಇಳಿಸಿದರೂ ವರ್ಷಕ್ಕೆ ನೂರು ಆಯಿತು. ಪ್ರತಿಗಳು ಕನಿಷ್ಠ ಮೂರಿರಲಿ: ಒಂದು ಸಂಘದಲ್ಲಿ, ಒಂದು ಪದಾಧಿಕಾರಿಗಳ ಮನೆಯಲ್ಲಿ, ಒಂದು ಬೇರೆ ಊರಿನಲ್ಲಿ. ನಾಸಿಕ್‌ನವರ ಪ್ರತಿ ಸಂಭಾಜಿನಗರದಲ್ಲಿ, ಅಲ್ಲಿಯವರದು ನಾಸಿಕ್‌ನಲ್ಲಿ ಇರಿಸಿದರೆ ಎರಡೂ ಊರಿನ ಕನ್ನಡಿಗರ ಬಾಂಧವ್ಯಕ್ಕೂ ಅದೊಂದು ನೆಪ.

ಕೊನೆಯದಾಗಿ ಒಂದು ವಿನಂತಿ. ಮನೆಯ ಸಮಾರಂಭಗಳ, ಮಹಿಳೆಯರ, ಮಕ್ಕಳ ದೃಶ್ಯಗಳನ್ನು ಅಂತರ್ಜಾಲಕ್ಕೆ ಏರಿಸುವ ಮುನ್ನ ಸಂಬಂಧಪಟ್ಟವರ ಒಪ್ಪಿಗೆ ಕೇಳಿ. ಡಿಜಿಟಲ್ ಪ್ರತಿ ಕೈಸೇರಿದ ಬಳಿಕವೂ ಮೂಲ ಕ್ಯಾಸೆಟ್ಟನ್ನು ಎಸೆಯಬೇಡಿ.

ಪುಟ್ಟ ಕ್ಯಾಮೆರಾ ತನ್ನ ಕೆಲಸವನ್ನು ತನ್ನ ಶಕ್ತಿಮೀರಿ ಮಾಡಿದೆ. ಅದರ ಚಿತ್ರ ಅಲುಗಾಡಿರಬಹುದು, ಧ್ವನಿ ಕುಂದಿರಬಹುದು, ಆದರೆ ಪರವೂರಿಗೆ ಬಂದು ಕನ್ನಡ ಕಟ್ಟಿದ ನಮ್ಮ ಹಿರಿಯರು ಅದರೊಳಗೆ ಇನ್ನೂ ಮಾತಾಡುತ್ತಿದ್ದಾರೆ. ಈ ಬಾರಿಯ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಟೇಪುಗಳ ವಿಷಯವನ್ನೂ ಕಾರ್ಯಸೂಚಿಗೆ ಸೇರಿಸಿದರೆ, ಮುಂದಿನ ರಾಜ್ಯೋತ್ಸವದ ವೇದಿಕೆಯಲ್ಲಿ ಇಪ್ಪತ್ತು ವರ್ಷ ಹಿಂದಿನ ರಾಜ್ಯೋತ್ಸವವನ್ನು ನಮ್ಮ ಮಕ್ಕಳು ಕಣ್ತುಂಬ ನೋಡಬಹುದು.